ಚೀಟಿ ಎತ್ತುವ ಆ ಒಂದು ಸಾಲಿನ ಕೋಡ್ ಎಲ್ಲರಿಗೂ ಕಾಣುವಂತಿರಲಿ

ಮಾನ್ಯ ಸಂಪಾದಕರೇ,

ಇರುವುದು ಕಡಿಮೆ, ಕೇಳುವವರು ಹೆಚ್ಚು ಎಂದಾದಾಗ ಚೀಟಿ ಎತ್ತುವುದು ನಮ್ಮಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ. ಶಾಲೆಯ ಸೀಟು, ಬಡಾವಣೆಯ ನಿವೇಶನ, ಹಾಸ್ಟೆಲಿನ ಕೋಣೆ, ಸಂಘದ ಬಹುಮಾನ, ಯಾವುದಕ್ಕೇ ಆದರೂ ಹೆಸರು ಬರೆದ ಚೀಟಿಗಳನ್ನು ಮಡಿಸಿ ಡಬ್ಬಕ್ಕೆ ಹಾಕಿ, ಕುಲುಕಿ, ಚಿಕ್ಕ ಮಗುವೊಂದರ ಕೈಯಲ್ಲಿ ಎತ್ತಿಸುತ್ತಿದ್ದರು. ಈಗ ಎಷ್ಟೋ ಕಡೆ ಆ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಲಾಗಿದೆ. ಪರದೆಯ ಮೇಲೆ ಹೆಸರುಗಳು ಸರಸರನೆ ಓಡಿ ಒಂದು ಹೆಸರು ನಿಲ್ಲುತ್ತದೆ, ಸೇರಿದವರು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ. ಆ ಹೆಸರೇ ಏಕೆ ನಿಂತಿತು ಎಂಬುದನ್ನು ತೀರ್ಮಾನಿಸುವುದು ಬಹುಪಾಲು ಸಂದರ್ಭಗಳಲ್ಲಿ ಒಂದೇ ಒಂದು ಸಾಲಿನ ಕೋಡ್. ಪದವಿ ವಿದ್ಯಾರ್ಥಿಗಳಿಗೆ ಹಲವು ವರ್ಷಗಳಿಂದ ಪ್ರೋಗ್ರಾಮಿಂಗ್ ಕಲಿಸುತ್ತಿರುವ ನಾನು ಆ ಸಾಲನ್ನು ತಪ್ಪಾಗಿ ಬರೆಯುವವರನ್ನು ಎಷ್ಟು ಜನರನ್ನು ನೋಡಿದ್ದೇನೆಂದರೆ, ಅದರ ಬಗ್ಗೆ ತಮ್ಮ ಪತ್ರಿಕೆಯ ಓದುಗರಿಗೆ ವಿವರವಾಗಿ ಹೇಳಲೇಬೇಕು ಎನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ತರಗತಿಯಲ್ಲೇ ನಡೆದದ್ದನ್ನು ಮೊದಲು ಹೇಳುತ್ತೇನೆ. ಲ್ಯಾಬಿನಲ್ಲಿ ವಿದ್ಯಾರ್ಥಿಗಳದ್ದು ಐದು ತಂಡಗಳು. ಪ್ರತಿ ವಾರ ಯಾವ ತಂಡ ಮೊದಲು ಬಂದು ತನ್ನ ಕೆಲಸವನ್ನು ವಿವರಿಸಬೇಕು ಎಂಬುದನ್ನು ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಒಂದು ಸಣ್ಣ ವೆಬ್ ಪುಟ ಆರಿಸುತ್ತಿತ್ತು. ಸೆಮಿಸ್ಟರಿನ ಕೊನೆಯ ಹೊತ್ತಿಗೆ ಒಬ್ಬ ವಿದ್ಯಾರ್ಥಿನಿ ಬಂದು, "ಮೇಡಂ, ಪಟ್ಟಿಯಲ್ಲಿ ಮೊದಲನೇ ತಂಡ ನಮ್ಮದು. ಇಷ್ಟು ವಾರದಲ್ಲಿ ನಮ್ಮ ಹೆಸರು ಒಂದೇ ಸಲ ಬಂತು. ಕೊನೇ ತಂಡದವರೂ ಹಾಗೇ ಅಂತಿದ್ದಾರೆ" ಎಂದಳು. ಹದಿನೈದು ಹದಿನಾರು ವಾರಗಳಲ್ಲಿ ಅಂಥ ಹೆಚ್ಚುಕಡಿಮೆ ತಾನಾಗಿಯೇ ಆಗಬಹುದು ಎಂದು ನಾನು ಹೇಳಿದೆ. ಹೇಳಿದ್ದೇನೋ ನಿಜ, ಆದರೆ ಅವಳ ಮುಖದಲ್ಲಿ ಸಮಾಧಾನ ಕಾಣಲಿಲ್ಲ. ಹಾಗಾದರೆ ಅದೇ ಸಾಲನ್ನು ಒಂದು ಲಕ್ಷ ಸಲ ಓಡಿಸಿ ಯಾವ ತಂಡ ಎಷ್ಟು ಸಲ ಬರುತ್ತದೆಂದು ಎಣಿಸೋಣ ಎಂದು ಇಬ್ಬರೂ ಕುಳಿತೆವು. ಐದು ತಂಡಗಳಿಗೆ ತಲಾ 20,000ದ ಆಸುಪಾಸು ಬರಬೇಕಿತ್ತು. ನಡುವಿನ ಮೂರು ತಂಡಗಳಿಗೆ ಸುಮಾರು 25,000 ಬಂತು, ಮೊದಲ ಮತ್ತು ಕೊನೆಯ ತಂಡಗಳಿಗೆ ಸುಮಾರು 12,500 ಮಾತ್ರ. ಮತ್ತೆ ಓಡಿಸಿದರೂ ಅದೇ ಲೆಕ್ಕ.

ತಪ್ಪು ಎಲ್ಲಿತ್ತು ಎಂಬುದನ್ನು ಕಂಪ್ಯೂಟರ್ ಓದದವರೂ ಅರ್ಥ ಮಾಡಿಕೊಳ್ಳಬಹುದು. ಹೆಸರುಗಳ ಪಟ್ಟಿಯನ್ನು ಪ್ರೋಗ್ರಾಮಿಂಗಿನಲ್ಲಿ ಅರೇ ಎನ್ನುತ್ತೇವೆ. ಅದರ ಮನೆಗಳನ್ನು ಸೊನ್ನೆಯಿಂದ ಎಣಿಸುವುದು ರೂಢಿ, ಆದ್ದರಿಂದ ಐದು ಹೆಸರುಗಳಿದ್ದರೆ ಮನೆಗಳ ಸಂಖ್ಯೆ 0, 1, 2, 3, 4. ಜಾವಾಸ್ಕ್ರಿಪ್ಟಿನ ಮ್ಯಾಥ್.ರ್‍ಯಾಂಡಮ್ ಎಂಬ ಸೌಲಭ್ಯ ಸೊನ್ನೆಯಿಂದ ಒಂದರವರೆಗಿನ ಯಾವುದೋ ಒಂದು ದಶಮಾಂಶ ಸಂಖ್ಯೆಯನ್ನು ಕೊಡುತ್ತದೆ. ಸೊನ್ನೆ ಬರಬಹುದು, ಒಂದು ಎಂದೂ ಬರುವುದಿಲ್ಲ. ಅದನ್ನು 5ರಿಂದ ಗುಣಿಸಿ, ದಶಮಾಂಶದ ಭಾಗವನ್ನು ಕತ್ತರಿಸಿ ಹಾಕಿದರೆ ಸೊನ್ನೆಯಿಂದ ನಾಲ್ಕರವರೆಗಿನ ಸಂಖ್ಯೆಗಳಲ್ಲಿ ಒಂದು ಸಿಗುತ್ತದೆ, ಐದಕ್ಕೂ ಸಮಾನ ಅವಕಾಶವಿರುತ್ತದೆ. ಸರಿಯಾದ ವಿಧಾನ ಇಷ್ಟೇ. ಕತ್ತರಿಸುವ ಬದಲು ಹತ್ತಿರದ ಪೂರ್ಣಾಂಕಕ್ಕೆ ಹೊಂದಿಸಿದರೆ, ಅಂದರೆ ಶಾಲೆಯಲ್ಲಿ ನಾವೆಲ್ಲ ಕಲಿತಂತೆ ಅರ್ಧಕ್ಕಿಂತ ಹೆಚ್ಚಿದ್ದರೆ ಮೇಲಕ್ಕೆ, ಕಡಿಮೆಯಿದ್ದರೆ ಕೆಳಕ್ಕೆ ತಂದರೆ, ಕೆಲವೊಮ್ಮೆ 5 ಎಂಬ ಸಂಖ್ಯೆ ಬಂದುಬಿಡುತ್ತದೆ. 5 ಎಂಬ ಸಂಖ್ಯೆಯ ಮನೆಯೇ ಇಲ್ಲದ್ದರಿಂದ ಪರದೆಯ ಮೇಲೆ ಹೆಸರಿನ ಬದಲು 'ಅನ್‌ಡಿಫೈನ್ಡ್' (ಇಲ್ಲಿ ಏನೂ ಇಲ್ಲ ಎಂದರ್ಥ) ಎಂಬ ಪದ ಮೂಡುತ್ತದೆ.

ಇಲ್ಲಿಯೇ ನಿಜವಾದ ಹಾನಿ ಆಗುವುದು. ಆ ಪದವನ್ನು ಕಂಡವರು ಗಾಬರಿಯಿಂದ 5ರ ಜಾಗದಲ್ಲಿ 4 ಹಾಕುತ್ತಾರೆ. ಮತ್ತೆಂದೂ ಆ ಪದ ಕಾಣಿಸಿಕೊಳ್ಳುವುದಿಲ್ಲ, ಪ್ರತಿ ಸಲವೂ ಒಂದು ಹೆಸರು ಬರುತ್ತದೆ, ಕೆಲಸ ಮುಗಿಯಿತು ಎಂದು ಎಲ್ಲರೂ ಎದ್ದು ಹೋಗುತ್ತಾರೆ. ಆದರೆ 0ಯಿಂದ 4ರವರೆಗಿನ ಗೆರೆಯ ಮೇಲೆ ಹತ್ತಿರದ ಪೂರ್ಣಾಂಕಕ್ಕೆ ಹೊಂದಿಸಿದಾಗ ನಡುವಿನ ಸಂಖ್ಯೆಗಳಿಗೆ ಒಂದೊಂದು ಇಡೀ ಅಳತೆಯ ಜಾಗ ಸಿಗುತ್ತದೆ, ಎರಡು ತುದಿಯ ಸಂಖ್ಯೆಗಳಿಗೆ ಅರ್ಧರ್ಧ ಜಾಗವಷ್ಟೇ ಉಳಿಯುತ್ತದೆ. ಕಣ್ಣಿಗೆ ಬೀಳುತ್ತಿದ್ದ ದೋಷವನ್ನು ತಿದ್ದುವ ಭರದಲ್ಲಿ ಕಣ್ಣಿಗೆ ಬೀಳದ ದೋಷವನ್ನು ತಂದುಕೊಂಡಂತಾಯಿತು. ನನ್ನ ತರಗತಿಯ ಪುಟದಲ್ಲಿ ಆಗಿದ್ದದ್ದು ಇದೇ. ನಾನೇ ಓದಿ ಒಪ್ಪಿ ಬಳಸುತ್ತಿದ್ದ ಕೋಡ್ ಅದು. ಆ ಹುಡುಗಿ ಬಂದು ಕೇಳದೆ ಇದ್ದಿದ್ದರೆ ಇನ್ನೂ ಎಷ್ಟು ಸೆಮಿಸ್ಟರು ಹಾಗೆಯೇ ನಡೆಯುತ್ತಿತ್ತೋ ಹೇಳಲಾರೆ.

ತರಗತಿಯಲ್ಲಿ ಯಾರು ಮೊದಲು ಮಾತನಾಡಬೇಕು ಎಂಬುದರಲ್ಲಿ ಆದ ಅನ್ಯಾಯ ಸಣ್ಣದು. ಇದೇ ಸಾಲನ್ನು ಒಂದು ಸೀಟಿಗೆ ಮೂರು ಮಕ್ಕಳ ಅರ್ಜಿ ಬಂದಿರುವ ಕಡೆ ಬಳಸಿದರೆ ಏನಾಗುತ್ತದೆ ನೋಡಿ. ಮೊದಲ ಮತ್ತು ಮೂರನೆಯ ಮಗುವಿಗೆ ನೂರಕ್ಕೆ 25ರಷ್ಟು ಅವಕಾಶ, ನಡುವಿನ ಮಗುವಿಗೆ 50. ಅರ್ಜಿಯನ್ನು ಎಲ್ಲರಿಗಿಂತ ಮೊದಲು ತಂದುಕೊಟ್ಟ ತಾಯಿಯ ಮಗುವಿಗೆ ಅದೇ ಕಾರಣಕ್ಕೆ ನಡುವಿನ ಮಗುವಿಗಿರುವುದರ ಅರ್ಧದಷ್ಟೇ ಅವಕಾಶ ಉಳಿಯುತ್ತದೆ. ಅಲ್ಲಿ ಚೀಟಿ ಎತ್ತುವುದು ಒಂದೇ ಸಲ. ಲಕ್ಷ ಸಲ ಎತ್ತಿ ಎಣಿಸಿ ನೋಡುವ ಅವಕಾಶ ಆ ತಾಯಿಗೆ ಯಾರೂ ಕೊಡುವುದಿಲ್ಲ. ಒಂದು ಸಲದ ಫಲಿತಾಂಶವನ್ನು ಎಷ್ಟು ಹೊತ್ತು ನೋಡಿದರೂ ಅದು ಸರಿಯಾದ ಸಾಲಿನಿಂದ ಬಂದದ್ದೋ ತಪ್ಪು ಸಾಲಿನಿಂದ ಬಂದದ್ದೋ ತಿಳಿಯುವುದಿಲ್ಲ. ಆದ್ದರಿಂದಲೇ ಫಲಿತಾಂಶವನ್ನು ಪ್ರಕಟಿಸಿದರೆ ಸಾಲದು, ಅದನ್ನು ಕೊಟ್ಟ ಕೋಡನ್ನೂ ಪ್ರಕಟಿಸಬೇಕು ಎಂಬುದು ನನ್ನ ಒತ್ತಾಯ.

ಈ ತಪ್ಪಿಗೆ ಒಂದು ಭಾಷೆಯ ಹಂಗಿಲ್ಲ. ಲಿನಕ್ಸ್ ಕಂಪ್ಯೂಟರುಗಳಲ್ಲಿ ಸಣ್ಣಪುಟ್ಟ ಕೆಲಸಗಳಿಗೆ ಬಳಸುವ ಬ್ಯಾಷ್ ಸ್ಕ್ರಿಪ್ಟಿನಲ್ಲಿ ರ್‍ಯಾಂಡಮ್ ಎಂಬ ಹೆಸರಿನ ಚರಾಂಕವಿದೆ. ಅದು ಪ್ರತಿ ಸಲ 0ಯಿಂದ 32,767ರವರೆಗಿನ ಒಂದು ಸಂಖ್ಯೆಯನ್ನು ಕೊಡುತ್ತದೆ. ಅದನ್ನು ಪಟ್ಟಿಯ ಉದ್ದದಿಂದ ಭಾಗಿಸಿ ಶೇಷವನ್ನು ಹಿಡಿದು ಹೆಸರು ಆರಿಸುವುದು ಎಲ್ಲ ಕಡೆ ಕಾಣಸಿಗುವ ವಿಧಾನ. ಹತ್ತು ಹೆಸರುಗಳಿದ್ದಾಗ ಅದರಿಂದ ಆಗುವ ವ್ಯತ್ಯಾಸ ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಆದರೆ 10,000 ಅರ್ಜಿಗಳಿವೆ ಎಂದುಕೊಳ್ಳಿ. ಒಟ್ಟು 32,768 ಸಂಖ್ಯೆಗಳನ್ನು 10,000 ಜನರಿಗೆ ಹಂಚಿದರೆ ಎಲ್ಲರಿಗೂ ಮೂರು ಮೂರು ಬಂದ ಮೇಲೆ 2,768 ಸಂಖ್ಯೆಗಳು ಉಳಿಯುತ್ತವೆ, ಅವು ಪಟ್ಟಿಯ ಮೊದಲ 2,768 ಜನರಿಗೆ ಸೇರುತ್ತವೆ. ಅವರ ಪಾಲಿಗೆ ನಾಲ್ಕು ಅವಕಾಶ, ಉಳಿದ 7,232 ಜನರಿಗೆ ಮೂರು. ಅರ್ಜಿಗಳು 40,000 ಇದ್ದರಂತೂ ಪರಿಣಾಮ ಇನ್ನೂ ಘೋರ: ಪಟ್ಟಿಯ ಕೊನೆಯ 7,232 ಜನರ ಹೆಸರು ಎಷ್ಟು ಸಲ ಓಡಿಸಿದರೂ, ಯಾವ ಕಾಲಕ್ಕೂ ಬರುವುದಿಲ್ಲ. ಅವರ ಚೀಟಿಯನ್ನು ಡಬ್ಬಕ್ಕೆ ಹಾಕಿಯೇ ಇಲ್ಲ ಎಂದಂತೆ. ಕಂಪ್ಯೂಟರ್ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ, ಯಾವ ದೋಷಸಂದೇಶವೂ ಬರುವುದಿಲ್ಲ. ಡಬ್ಬದಲ್ಲಿ ಚೀಟಿ ಹಾಕುವಾಗ ಅಷ್ಟು ಜನರ ಹೆಸರು ಬಿಟ್ಟುಹೋಗಿದ್ದರೆ ಊರೇ ಸೇರಿ ಕೇಳುತ್ತಿತ್ತು.

ಪೈಥಾನಿನ ರ್‍ಯಾಂಡಮ್.ಚಾಯ್ಸ್, ರೂಬಿಯ ಸ್ಯಾಂಪಲ್ ಮುಂತಾಗಿ ಬೇರೆ ಪ್ರೋಗ್ರಾಮಿಂಗ್ ಭಾಷೆಗಳಲ್ಲಿರುವ ಸಿದ್ಧ ಸೌಲಭ್ಯಗಳು ಈ ಲೆಕ್ಕಾಚಾರವನ್ನು ತಾವೇ ನೋಡಿಕೊಳ್ಳುತ್ತವೆ. ಉದಾಹರಣೆಗೆ ಈಗಿನ ಪೈಥಾನ್, ಬಂದ ಸಂಖ್ಯೆ ಪಟ್ಟಿಯ ಉದ್ದದಷ್ಟೇ ಇದ್ದರೆ ಅಥವಾ ಅದನ್ನು ಮೀರಿದ್ದರೆ ಅದನ್ನು ಬಿಸುಟು ಇನ್ನೊಂದನ್ನು ಕೇಳುತ್ತದೆ. ಉಳಿಕೆಯನ್ನು ಮೊದಲಿನವರಿಗೆ ಹಂಚುವ ಪ್ರಶ್ನೆಯೇ ಏಳುವುದಿಲ್ಲ. ಹಾಗಿರುವಾಗ ಗುಣಿಸಿ ಭಾಗಿಸಿ ಸ್ವಂತ ಸಾಲು ಬರೆಯುವ ಅಗತ್ಯ ಬಹಳ ಕಡೆ ಇಲ್ಲವೇ ಇಲ್ಲ. ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳುವುದು ಇದನ್ನೇ.

ದೊಡ್ಡ ಕಂಪನಿಗಳ ಪರಿಣತರು ಇಂಥ ತಪ್ಪು ಮಾಡುವುದಿಲ್ಲ ಎಂದು ಯಾರಾದರೂ ಭಾವಿಸಿದ್ದರೆ 2010ರಲ್ಲಿ ಯುರೋಪಿನಲ್ಲಿ ನಡೆದದ್ದನ್ನು ನೆನೆಯಬೇಕು. ಯುರೋಪಿಯನ್ ಆಯೋಗದ ಮುಂದೆ ಒಪ್ಪಿಕೊಂಡ ಪ್ರಕಾರ ಮೈಕ್ರೋಸಾಫ್ಟ್, ವಿಂಡೋಸ್ ಬಳಕೆದಾರರಿಗೆ ತಮಗೆ ಬೇಕಾದ ಬ್ರೌಸರನ್ನು, ಅಂದರೆ ಅಂತರ್ಜಾಲ ನೋಡುವ ತಂತ್ರಾಂಶವನ್ನು, ಆರಿಸಿಕೊಳ್ಳುವ ಪುಟವೊಂದನ್ನು ತೋರಿಸಬೇಕಿತ್ತು, ಮುಖ್ಯವಾದ ಐದು ಬ್ರೌಸರುಗಳು ಯಾವುದಕ್ಕೂ ಅನುಕೂಲವಾಗದಂತೆ ಯಾದೃಚ್ಛಿಕ ಕ್ರಮದಲ್ಲಿ, ಅಂದರೆ ಚೀಟಿ ಎತ್ತಿದಂತೆ ಯಾವ ಕ್ರಮವಾದರೂ ಸಮಾನವಾಗಿ ಬರಬಹುದಾದ ಹಾಗೆ, ಬರಬೇಕಿತ್ತು. ಆ ಪುಟದ ಜಾವಾಸ್ಕ್ರಿಪ್ಟ್ ಪಟ್ಟಿಯನ್ನು ಕಲಸಲು ಆರಿಸಿಕೊಂಡದ್ದು ಸುಲಭದ ದಾರಿ: ಪಟ್ಟಿಯನ್ನು ಅನುಕ್ರಮವಾಗಿ ಜೋಡಿಸುವ ಸಾರ್ಟ್ ಸೌಲಭ್ಯಕ್ಕೆ, ಎರಡು ಹೆಸರುಗಳಲ್ಲಿ ಯಾವುದು ಮುಂದೆ ಎಂದು ಕೇಳಿದಾಗಲೆಲ್ಲ ನಾಣ್ಯ ಚಿಮ್ಮಿದ ಹಾಗೆ ಏನೋ ಒಂದು ಉತ್ತರ ಕೊಡುವುದು. ಕೇಳಲು ಸರಿಯೆನಿಸುತ್ತದೆ. ಆದರೆ ಸಾರ್ಟ್ ಸೌಲಭ್ಯ ಎಲ್ಲ ಹೆಸರುಗಳನ್ನೂ ಎಲ್ಲದರ ಜೊತೆ ಹೋಲಿಸುವುದಿಲ್ಲ. ಕೆಲವು ಹೆಸರುಗಳು ಹೊರಟ ಜಾಗದ ಹತ್ತಿರವೇ ಉಳಿದುಬಿಡುತ್ತವೆ. ರಾಬ್ ವೀರ್ ಎಂಬುವರು ಆ ಪುಟವನ್ನು ಮತ್ತೆ ಮತ್ತೆ ಓಡಿಸಿ ಎಣಿಸಿದಾಗ, ಮೈಕ್ರೋಸಾಫ್ಟಿನದೇ ಆದ ಇಂಟರ್ನೆಟ್ ಎಕ್ಸ್‌ಪ್ಲೋರರಿನಲ್ಲಿ ಪುಟವನ್ನು ತೆರೆದರೆ ಐದರಲ್ಲಿ ಒಂದು ಪಾಲು ಕೊನೆಯ ಸ್ಥಾನದಲ್ಲಿರಬೇಕಿದ್ದ ಅದೇ ಬ್ರೌಸರ್ ಸುಮಾರು ಅರ್ಧದಷ್ಟು ಸಲ ಕೊನೆಯಲ್ಲೇ ಇರುವುದು ಕಂಡುಬಂತು. ಮೈಕ್ರೋಸಾಫ್ಟ್ ಕೋಡನ್ನು ಬದಲಿಸಿತು. ತನ್ನದೇ ಬ್ರೌಸರನ್ನು ಹಿಂದಕ್ಕೆ ತಳ್ಳುವ ಉದ್ದೇಶ ಯಾವ ಕಂಪನಿಗೂ ಇರಲಾರದು. ಕೆಟ್ಟ ಉದ್ದೇಶವಿಲ್ಲದೆಯೂ, ಬರೀ ಅಜಾಗ್ರತೆಯಿಂದ, ಪಕ್ಷಪಾತ ನುಸುಳುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ. ಪಟ್ಟಿಯನ್ನು ಸರಿಯಾಗಿ ಕಲಸುವ ವಿಧಾನವನ್ನು ರೊನಾಲ್ಡ್ ಫಿಷರ್ ಮತ್ತು ಫ್ರಾಂಕ್ ಯೇಟ್ಸ್ 1938ರಲ್ಲೇ ಕಾಗದ ಪೆನ್ಸಿಲಿಗೆ ಒಗ್ಗುವಂತೆ ಬರೆದಿಟ್ಟಿದ್ದರು, 1964ರಲ್ಲಿ ರಿಚರ್ಡ್ ಡರ್ಸ್ಟನ್‌ಫೆಲ್ಡ್ ಅದನ್ನು ಕಂಪ್ಯೂಟರಿಗೆ ಹೊಂದಿಸಿದರು. ಇರುವವರಲ್ಲಿ ಒಬ್ಬರನ್ನು ಎತ್ತಿ ಬದಿಗಿಡು, ಉಳಿದವರಲ್ಲಿ ಇನ್ನೊಬ್ಬರನ್ನು ಎತ್ತು, ಹೀಗೆ ಕೊನೆಯವರೆಗೆ. ನಮ್ಮ ಡಬ್ಬದ ಚೀಟಿಯ ಕ್ರಮವೇ ಅದು.

ಕೆಟ್ಟ ಉದ್ದೇಶ ಸೇರಿಕೊಂಡಾಗ ಏನಾಗಬಹುದು ಎಂಬುದಕ್ಕೂ ನಿದರ್ಶನವಿದೆ. ಅಮೆರಿಕದ ಹಲವು ರಾಜ್ಯಗಳ ಲಾಟರಿಗಳನ್ನು ನಡೆಸುವ ಸಂಸ್ಥೆಯಲ್ಲಿ ಮಾಹಿತಿ ಸುರಕ್ಷತೆಯ ಹೊಣೆ ಹೊತ್ತಿದ್ದ ಎಡ್ಡಿ ಟಿಪ್ಟನ್, ಗೆಲ್ಲುವ ಸಂಖ್ಯೆಗಳನ್ನು ಆರಿಸುವ ತಂತ್ರಾಂಶದಲ್ಲೇ ಕೆಲವು ಸಾಲುಗಳನ್ನು ಸೇರಿಸಿದ್ದ. ವರ್ಷದ ಕೆಲವೇ ನಿಗದಿತ ದಿನಗಳಲ್ಲಿ ಮಾತ್ರ ಆ ಸಾಲುಗಳು ಎಚ್ಚರಗೊಂಡು, ಬರುವ ಸಂಖ್ಯೆಗಳನ್ನು ಅವನು ಮುಂಚಿತವಾಗಿ ಊಹಿಸಬಹುದಾದಷ್ಟು ಕಡಿಮೆ ಮಾಡುತ್ತಿದ್ದವು. 2010ರ ಡಿಸೆಂಬರ್ 29ರ ಡ್ರಾಗೆ ಕೊಂಡ ಒಂದು ಟಿಕೆಟಿನ ಜಾಡು ಹಿಡಿದು ತನಿಖೆ ನಡೆಯಿತು. 2017ರಲ್ಲಿ ಅವನು ತಪ್ಪೊಪ್ಪಿಕೊಂಡು 25 ವರ್ಷಗಳವರೆಗಿನ ಜೈಲುಶಿಕ್ಷೆಗೆ ಗುರಿಯಾದ. ಉಳಿದ ದಿನಗಳಲ್ಲಿ ಆ ಯಂತ್ರ ಸರಿಯಾಗಿಯೇ ನಡೆಯುತ್ತಿತ್ತು ಎಂಬುದನ್ನು ಗಮನಿಸಬೇಕು. ಯಾವುದೋ ಒಂದು ದಿನ ಪರೀಕ್ಷಿಸಿ ಸರಿಯಿದೆ ಎಂದು ಪ್ರಮಾಣಪತ್ರ ಕೊಟ್ಟವರಿಗೆ ಏನೂ ಕಾಣುತ್ತಿರಲಿಲ್ಲ.

ನಮ್ಮ ದೇಶದಲ್ಲಿ ಈ ಮಾತು ಎಲ್ಲಕ್ಕಿಂತ ಹೆಚ್ಚು ತಟ್ಟುವುದು ಶಿಕ್ಷಣ ಹಕ್ಕು ಕಾಯ್ದೆಗೆ. 2009ರ ಆ ಕಾಯ್ದೆಯ 12(1)(ಸಿ) ಕಲಮು ಖಾಸಗಿ ಶಾಲೆಗಳ ಪ್ರವೇಶ ತರಗತಿಯಲ್ಲಿ ಕನಿಷ್ಠ ಶೇ 25ರಷ್ಟು ಸೀಟುಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಮೀಸಲಿಡುತ್ತದೆ. 13ನೆಯ ಕಲಮು ಮಕ್ಕಳನ್ನು ಸೋಸಿ ಆರಿಸುವುದನ್ನು ನಿಷೇಧಿಸುತ್ತದೆ. ಸೋಸುವುದು ಎಂದರೇನು ಎಂಬುದಕ್ಕೆ ಕಾಯ್ದೆ ಕೊಡುವ ಅರ್ಥವಿವರಣೆಯೇ, ಒಂದು ಮಗುವಿಗಿಂತ ಇನ್ನೊಂದು ಮಗುವಿಗೆ ಆದ್ಯತೆ ಕೊಡುವ, ಯಾದೃಚ್ಛಿಕವಲ್ಲದ ಯಾವುದೇ ವಿಧಾನ ಎಂದು. ಅಂದರೆ ಚೀಟಿ ಎತ್ತುವುದು ಇಲ್ಲಿ ಕಾನೂನೇ ಒಪ್ಪಿದ ದಾರಿ. ಆದರೆ ಯಾದೃಚ್ಛಿಕ ವಿಧಾನ ಎಂದರೆ ಏನು, ಅದನ್ನು ಹೇಗೆ ಸಾಬೀತುಪಡಿಸಬೇಕು ಎಂಬುದನ್ನು ಆ ಅರ್ಥವಿವರಣೆ ಬಿಡಿಸಿ ಹೇಳುವುದಿಲ್ಲ. ತುದಿಯ ಮಗುವಿಗೆ ಅರ್ಧ ಅವಕಾಶ ಕೊಡುವ ಕೋಡ್, ಬರೆದವನ ಮನಸ್ಸಿನಲ್ಲಿ ಏನೇ ಇರಲಿ, ನನ್ನ ಓದಿನ ಪ್ರಕಾರ ಒಂದು ಮಗುವಿಗಿಂತ ಇನ್ನೊಂದಕ್ಕೆ ಆದ್ಯತೆ ಕೊಟ್ಟಂತೆಯೇ. ಯಾವ ಇಲಾಖೆಯ ತಂತ್ರಾಂಶದಲ್ಲಿ ಇಂಥ ದೋಷವಿದೆ ಎಂಬ ಆರೋಪವನ್ನು ನಾನು ಮಾಡುತ್ತಿಲ್ಲ. ಇದೆಯೋ ಇಲ್ಲವೋ ಎಂದು ನೋಡುವ ದಾರಿ ಸಾಮಾನ್ಯ ಪೋಷಕರಿಗೆ ತೆರೆದಿರಬೇಕು ಎಂದು ಕೇಳುತ್ತಿದ್ದೇನೆ.

ದಾರಿ ಕಷ್ಟದ್ದೇನಲ್ಲ. ಕಂಪ್ಯೂಟರ್ ಕೊಡುವ ಯಾದೃಚ್ಛಿಕ ಸಂಖ್ಯೆಗಳು ಒಂದು ಆರಂಭಿಕ ಸಂಖ್ಯೆಯಿಂದ ಲೆಕ್ಕ ಹಾಕಿ ತೆಗೆದವು. ಅದನ್ನು ಸೀಡ್, ಅಂದರೆ ಬೀಜ ಎನ್ನುತ್ತೇವೆ. ಒಂದೇ ಬೀಜ, ಒಂದೇ ಕೋಡ್, ಭಾಷೆಯ ಒಂದೇ ಆವೃತ್ತಿ, ಒಂದೇ ಕ್ರಮದ ಪಟ್ಟಿ ಇದ್ದರೆ ಬೆಂಗಳೂರಿನಲ್ಲಿ ಓಡಿಸಿದರೂ ಬೀದರಿನಲ್ಲಿ ಓಡಿಸಿದರೂ ಅದೇ ಹೆಸರುಗಳು ಬರುತ್ತವೆ. ಪಾಸ್‌ವರ್ಡು, ಒಟಿಪಿಗಳ ವಿಷಯದಲ್ಲಿ ಇದು ಅಪಾಯಕಾರಿ, ಅದಕ್ಕಾಗಿಯೇ ಪೈಥಾನಿನಲ್ಲಿ 3.6ನೇ ಆವೃತ್ತಿಯಿಂದ ಸೀಕ್ರೆಟ್ಸ್ ಎಂಬ ಬೇರೆ ವಿಭಾಗವಿದೆ. ಆದರೆ ಎಲ್ಲರೆದುರು ಎತ್ತುವ ಚೀಟಿಗೆ ಇದೇ ಗುಣ ವರವಾಗುತ್ತದೆ. ಅರ್ಜಿದಾರರ ಅಂತಿಮ ಪಟ್ಟಿಯನ್ನೂ ಕೋಡನ್ನೂ ಕೆಲವು ದಿನ ಮೊದಲೇ ಪ್ರಕಟಿಸಲಿ. ಚೀಟಿ ಎತ್ತುವ ದಿನ 0ಯಿಂದ 9ರವರೆಗಿನ ಅಂಕಿಗಳನ್ನು ಬರೆದ ಹತ್ತು ಚೀಟಿಗಳನ್ನು ಡಬ್ಬಕ್ಕೆ ಹಾಕಿ, ಎಂಟು ಮಂದಿ ಪೋಷಕರು ಒಬ್ಬೊಬ್ಬರಾಗಿ ಬಂದು ಒಂದೊಂದು ಎತ್ತಿ, ಓದಿ ಹೇಳಿ, ಮತ್ತೆ ಡಬ್ಬಕ್ಕೇ ಹಾಕಲಿ. ಎಂಟು ಅಂಕಿಗಳ ಒಂದು ಸಂಖ್ಯೆ ಸಿದ್ಧವಾಗುತ್ತದೆ, 10 ಕೋಟಿ ಸಾಧ್ಯತೆಗಳಲ್ಲಿ ಒಂದು. ಅದು ಯಾವುದೆಂದು ಯಾರೂ ಮೊದಲೇ ತಿಳಿಯಲಾರರು, ಎತ್ತಿದ ಮೇಲೆ ಯಾರೂ ಮುಚ್ಚಿಡಲಾರರು. ಅದನ್ನೇ ಬೀಜವಾಗಿ ಕೊಟ್ಟು ಒಮ್ಮೆ ಓಡಿಸಿದರೆ ಬಂದದ್ದೇ ಫಲಿತಾಂಶ. ಮನೆಗೆ ಹೋಗಿ ಅಣ್ಣನ ಲ್ಯಾಪ್‌ಟಾಪಿನಲ್ಲಿ ಅದೇ ಕೋಡನ್ನು ಓಡಿಸಿ ನೋಡಲು ಯಾವ ಮಗುವಿನ ತಂದೆತಾಯಿಗೂ ಸಾಧ್ಯವಾಗುತ್ತದೆ. ಬೇಕಾದ ಹೆಸರು ಬರುವ ತನಕ ಬಾಗಿಲು ಹಾಕಿಕೊಂಡು ಗುಂಡಿ ಒತ್ತುತ್ತಲೇ ಇರಬಹುದೆಂಬ ಅನುಮಾನಕ್ಕೂ ಆಗ ಎಡೆಯಿಲ್ಲ. ಅಂದಹಾಗೆ ಜಾವಾಸ್ಕ್ರಿಪ್ಟಿನ ಮ್ಯಾಥ್.ರ್‍ಯಾಂಡಮ್‌ಗೆ ನಾವು ಬೀಜ ಕೊಡಲು ಬರುವುದಿಲ್ಲ. ಅದನ್ನು ಬಳಸಿ ಎತ್ತಿದ ಚೀಟಿಯನ್ನು ಆಮೇಲೆ ಪರಿಶೀಲಿಸಲು ಆಗುವುದೇ ಇಲ್ಲ. ಸಾರ್ವಜನಿಕ ಆಯ್ಕೆಗಳಿಗೆ ಅದನ್ನು ಬಳಸಲೇಬಾರದು ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.

ಕಾಗದದ ಚೀಟಿಯ ಬೆಲೆಯನ್ನು ನಮ್ಮ ಚುನಾವಣಾ ವ್ಯವಸ್ಥೆ ಮರೆತಿಲ್ಲ. ಸುಪ್ರೀಂ ಕೋರ್ಟಿನ 2019ರ ಏಪ್ರಿಲ್ 8ರ ಆದೇಶದಂತೆ ಪ್ರತಿ ವಿಧಾನಸಭಾ ಕ್ಷೇತ್ರದ ವ್ಯಾಪ್ತಿಯಲ್ಲಿ ಐದು ಮತಗಟ್ಟೆಗಳ ವಿವಿಪ್ಯಾಟ್ ಕಾಗದಗಳನ್ನು, ಅಂದರೆ ಮತ ಯಾರಿಗೆ ಬಿತ್ತೆಂದು ಅಚ್ಚಾಗಿ ಬೀಳುವ ಚೀಟಿಗಳನ್ನು, ಎಣಿಸಿ ಮತಯಂತ್ರದ ಲೆಕ್ಕದೊಂದಿಗೆ ತಾಳೆ ನೋಡುತ್ತಾರೆ. ಯಾವ ಐದು ಎಂಬುದನ್ನು ಅಭ್ಯರ್ಥಿಗಳ ಮತ್ತು ಅವರ ಏಜೆಂಟರ ಎದುರಿಗೆ ಮತಗಟ್ಟೆಯ ಸಂಖ್ಯೆ ಬರೆದ ಕಾಗದಗಳನ್ನು ಎತ್ತಿಯೇ ನಿರ್ಧರಿಸುವುದು. ಸೋತವರ ಕಡೆಯವನೂ ಅಲ್ಲಿ ನಿಂತು ನೋಡಬಹುದು. ಕಂಪ್ಯೂಟರಿನಿಂದ ಎತ್ತುವ ಚೀಟಿಗೂ ಅದೇ ಮಟ್ಟದ ಬೆಳಕು ಬೀಳಲಿ ಎಂದು ಬಯಸುವುದು ಅತಿಯಾಸೆ ಎಂದು ನನಗೆ ಅನ್ನಿಸುವುದಿಲ್ಲ.

ತಮ್ಮ ವರದಿಗಾರರಲ್ಲಿ ನನ್ನದೊಂದು ವಿನಂತಿ. ಲಾಟರಿ ಮೂಲಕ ಆಯ್ಕೆ ನಡೆಯಿತು ಎಂಬ ಸುದ್ದಿ ಬರೆಯುವಾಗ ಪಟ್ಟಿಯನ್ನು ಎಂದು ಪ್ರಕಟಿಸಿದರು, ಕೋಡ್ ಎಲ್ಲಿ ಸಿಗುತ್ತದೆ, ಬೀಜಸಂಖ್ಯೆಯನ್ನು ಯಾರು ಹೇಗೆ ಆರಿಸಿದರು ಎಂದು ಅಧಿಕಾರಿಗಳನ್ನು ಕೇಳಿ, ಅವರ ಉತ್ತರವನ್ನೂ ಅಚ್ಚು ಹಾಕಿ. ಉತ್ತರ ಸಿಗದಿದ್ದರೆ ಸಿಗಲಿಲ್ಲ ಎಂದೇ ಹಾಕಿ. ನನ್ನಂತೆ ಪ್ರೋಗ್ರಾಮಿಂಗ್ ಕಲಿಸುವ ಸಹೋದ್ಯೋಗಿಗಳಲ್ಲಿಯೂ ಕೇಳಿಕೊಳ್ಳುತ್ತೇನೆ: ಅರೇಯಿಂದ ಒಂದು ಹೆಸರನ್ನು ಆರಿಸುವ ಪಾಠವನ್ನು ಹೆಸರು ಪರದೆಯ ಮೇಲೆ ಬಂದ ಕೂಡಲೇ ಮುಗಿಸಬೇಡಿ, ಲಕ್ಷ ಸಲ ಓಡಿಸಿ ಎಣಿಸುವುದನ್ನೂ ಅದೇ ತರಗತಿಯಲ್ಲಿ ಮಾಡಿಸಿ. ಲಕ್ಷ ಸಲದ ಎಣಿಕೆಗೆ ನಮ್ಮ ಲ್ಯಾಬಿನ ಹಳೆಯ ಕಂಪ್ಯೂಟರಿಗೂ ಒಂದು ಕ್ಷಣ ಸಾಕಾಗುತ್ತದೆ. ನನ್ನ ಬಳಿ ಬಂದು ಕೇಳಿದ ಆ ವಿದ್ಯಾರ್ಥಿನಿಯೇ ಈಗ ಪ್ರತಿ ವರ್ಷ ಹೊಸ ತಂಡಕ್ಕೆ ಆ ಎಣಿಕೆಯನ್ನು ಮಾಡಿ ತೋರಿಸಲು ಕಾಲೇಜಿಗೆ ಬರುತ್ತಾಳೆ.

ಇತಿ ತಮ್ಮ ವಿಶ್ವಾಸಿ,
ಗಣಕವಿಜ್ಞಾನ ಉಪನ್ಯಾಸಕಿ, ಹಾಸನ